ಯುದ್ಧಕ್ಕೊಂದು ಲೆಕ್ಕದ ಪುಸ್ತಕ, ತೆರಿಗೆ ಕಡಿತಕ್ಕೆ ಇನ್ನೊಂದು

2003ರ ಮಾರ್ಚ್ ತಿಂಗಳ ಒಂಬತ್ತು ದಿನಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿ. 17ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು ಸದ್ದಾಂ ಹುಸೇನ್‌ಗೆ 48 ಗಂಟೆಗಳ ಗಡುವು ಕೊಟ್ಟರು. ವಾಷಿಂಗ್ಟನ್ ಗಡಿಯಾರದಲ್ಲಿ 19ರ ರಾತ್ರಿ ಬಾಗ್ದಾದ್ ಮೇಲೆ ಬಾಂಬ್ ಬಿತ್ತು. 21ರ ನಸುಕಿನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಬಜೆಟ್ ನಿರ್ಣಯವನ್ನು 215–212 ಮತಗಳಿಂದ ಪಾಸು ಮಾಡಿತು. ಅದರಲ್ಲಿ 72,600 ಕೋಟಿ ಡಾಲರ್ ತೆರಿಗೆ ಕಡಿತಕ್ಕೆ ಜಾಗ ಮಾಡಲಾಗಿತ್ತು. ಇದಾದ ಮೇಲಷ್ಟೇ, 24 ಮತ್ತು 25ರಂದು, ಯುದ್ಧಕ್ಕೆ ಎಷ್ಟು ಹಣ ಬೇಕು ಎಂಬುದನ್ನು ಶ್ವೇತಭವನ ಬಾಯಿಬಿಟ್ಟು ಹೇಳಿತು: 7,470 ಕೋಟಿ ಡಾಲರ್.

(ಅಮೆರಿಕದವರ ಒಂದು ಬಿಲಿಯನ್ ನಮ್ಮ 100 ಕೋಟಿ, ಒಂದು ಟ್ರಿಲಿಯನ್ ನಮ್ಮ ಒಂದು ಲಕ್ಷ ಕೋಟಿ. ಇಲ್ಲಿ ಎಲ್ಲವೂ ಕೋಟಿಯ ಲೆಕ್ಕದಲ್ಲೇ ಇದೆ.)

ಈ ಅನುಕ್ರಮ ಕಾಕತಾಳೀಯವಲ್ಲ. ಇರಾಕ್ ಯುದ್ಧ ಸರಿಯೋ ತಪ್ಪೋ, ಶ್ರೀಮಂತರ ತೆರಿಗೆ ಇಳಿಸಬೇಕೋ ಬೇಡವೋ ಎಂಬ ಎರಡು ಜಗಳಗಳು ಆಗ ಅಮೆರಿಕದಲ್ಲಿ ಒಟ್ಟೊಟ್ಟಿಗೆ ನಡೆದವು. ಟಿವಿಯಲ್ಲಿ ಎರಡೂ ಒಂದೇ ಜಗಳದಂತೆ ಕಾಣುತ್ತಿದ್ದವು. ಕಾಂಗ್ರೆಸ್ಸಿನೊಳಗೆ, ಅಂದರೆ ಅಲ್ಲಿನ ಸಂಸತ್ತಿನೊಳಗೆ ಮಾತ್ರ ಅವೆರಡೂ ಒಂದೇ ಕಾಗದದ ಮೇಲೆ ಬರದಂತೆ ನೋಡಿಕೊಳ್ಳಲಾಯಿತು. ಅದನ್ನು ಹೇಗೆ ಸಾಧಿಸಿದರು ಎನ್ನುವುದು ಬಿಟ್ಟರೆ, ಉಳಿದ ವಾದ ವಿವಾದಗಳಲ್ಲಿ ಹೆಚ್ಚಿನವು ಹಳಸಿಹೋಗಿವೆ.

ಹೇಳಬಾರದ ಬೆಲೆ

2002ರ ಸೆಪ್ಟೆಂಬರ್‌ನಲ್ಲಿ ಬುಷ್ ಅವರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸಿ ಪತ್ರಿಕೆಯೊಂದಕ್ಕೆ ಅಂದಾಜು ಕೊಟ್ಟುಬಿಟ್ಟರು: ಯುದ್ಧಕ್ಕೆ ಹೆಚ್ಚೆಂದರೆ ದೇಶದ ಒಟ್ಟು ಉತ್ಪನ್ನದ ಶೇ 1ರಿಂದ 2, ಅಂದರೆ 10,000ದಿಂದ 20,000 ಕೋಟಿ ಡಾಲರ್. ಡಿಸೆಂಬರ್‌ನಲ್ಲಿ ಅವರೂ, ಹೊಸ ತೆರಿಗೆ ಕಡಿತ ಬೇಡವೆನ್ನುತ್ತಿದ್ದ ಖಜಾನೆ ಕಾರ್ಯದರ್ಶಿ ಪಾಲ್ ಓ'ನೀಲ್ ಅವರೂ ಒಂದೇ ದಿನ ಕುರ್ಚಿ ಬಿಡಬೇಕಾಯಿತು. ತಿಂಗಳ ಕೊನೆಗೆ ಶ್ವೇತಭವನದ ಬಜೆಟ್ ಕಚೇರಿಯ ಮುಖ್ಯಸ್ಥ ಮಿಚ್ ಡೇನಿಯಲ್ಸ್ ಹೇಳಿದ ಮೊತ್ತ 5,000ದಿಂದ 6,000 ಕೋಟಿ.

ಹಾಗಂತ ಲೆಕ್ಕ ಹಾಕುವುದೇ ಅಸಾಧ್ಯವಾಗಿತ್ತು ಎಂದಲ್ಲ. ಪಕ್ಷಾತೀತವಾದ ಕಾಂಗ್ರೆಸ್ ಬಜೆಟ್ ಕಚೇರಿ 2002ರ ಸೆಪ್ಟೆಂಬರ್‌ನಲ್ಲೇ ಖರ್ಚನ್ನು ಬಿಡಿಬಿಡಿಯಾಗಿ ಬರೆದುಕೊಟ್ಟಿತ್ತು. ಸೇನೆಯನ್ನು ಕೊಲ್ಲಿಗೆ ಸಾಗಿಸಲು 900ರಿಂದ 1,300 ಕೋಟಿ, ಕಾಳಗ ನಡೆಯುವಷ್ಟು ದಿನ ತಿಂಗಳಿಗೆ 600ರಿಂದ 900 ಕೋಟಿ, ವಾಪಸ್ ಕರೆತರಲು 500ರಿಂದ 700 ಕೋಟಿ, ಅಲ್ಲೇ ಉಳಿಯಬೇಕಾಗಿ ಬಂದರೆ ತಿಂಗಳಿಗೆ 100ರಿಂದ 400 ಕೋಟಿ. ಮೊದಲ ಮೂರು ಸಾಲುಗಳಿಗೆ ಒಂದು ಕೊನೆ ಇದೆ. ಕೊನೆಯ ಸಾಲಿಗೆ ಇಲ್ಲ. ಎಷ್ಟು ತಿಂಗಳು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಅದನ್ನು ಗುಣಿಸಲು ಬರುವುದಿಲ್ಲ. ಆ ಉತ್ತರವನ್ನು ಕೊಡಲು ಆಡಳಿತಕ್ಕೆ ಮನಸ್ಸಿರಲಿಲ್ಲ. ಸೇನಾ ಮುಖ್ಯಸ್ಥ ಜನರಲ್ ಎರಿಕ್ ಶಿನ್ಸೆಕಿ ಫೆಬ್ರುವರಿ 25ರಂದು ಮೇಲ್ಮನೆಯಾದ ಸೆನೆಟ್‌ನ ಸಮಿತಿಯ ಎದುರು ‘ಹಲವು ಲಕ್ಷ ಸೈನಿಕರು ಬೇಕಾಗಬಹುದು’ ಎಂಬರ್ಥದ ಮಾತು ಹೇಳಿದರು. ಎರಡೇ ದಿನದಲ್ಲಿ ರಕ್ಷಣಾ ಉಪಕಾರ್ಯದರ್ಶಿ ಪಾಲ್ ವುಲ್ಫೊವಿಟ್ಸ್ ಅದು ಗುರಿಯ ಹತ್ತಿರಕ್ಕೂ ಬಾರದ ಅಂದಾಜು ಎಂದು ತಳ್ಳಿಹಾಕಿದರು. ಇರಾಕಿನ ತೈಲದ ಹಣದಲ್ಲೇ ಆ ದೇಶದ ಪುನರ್ನಿರ್ಮಾಣ ಆಗಿಬಿಡುತ್ತದೆ ಎಂದು ಮಾರ್ಚ್ 27ರಂದು ಹೇಳಿದವರೂ ಅವರೇ.

ಫೆಬ್ರುವರಿ 3ರಂದು ಅಧ್ಯಕ್ಷರು ಕಳಿಸಿದ ಬಜೆಟ್‌ನಲ್ಲಿ 2003ರ ಕೊರತೆ 30,400 ಕೋಟಿ, 2004ರದ್ದು 30,700 ಕೋಟಿ ಎಂದಿತ್ತು. ಇರಾಕ್ ಯುದ್ಧದ ಖರ್ಚು ಇದರಲ್ಲಿ ಸೇರಿರಲಿಲ್ಲ. ಯುದ್ಧ ಇನ್ನೂ ತೀರ್ಮಾನವಾಗಿಲ್ಲವಲ್ಲ, ಆಗದ ಕೆಲಸಕ್ಕೆ ಖರ್ಚು ಬರೆಯುವುದು ಹೇಗೆ ಎಂಬುದು ಶ್ವೇತಭವನದ ಸಮಜಾಯಿಷಿ. ಕೇಳಲು ಸರಿಯಾಗಿಯೇ ಇದೆ. ಆದರೆ ಹತ್ತು ವರ್ಷ ಮುಂದಿನ ತೆರಿಗೆ ಆದಾಯವನ್ನು ಅಂದಾಜು ಮಾಡಿ ಬರೆಯುವ ಅದೇ ದಾಖಲೆಗೆ ಆರು ವಾರ ಮುಂದಿನ ಯುದ್ಧ ಮಾತ್ರ ಕಾಣದಿದ್ದುದು ಸೋಜಿಗ.

ಓದುವಾಗ ಎಡವುವ ಇನ್ನೊಂದು ಜಾಗ: 72,600 ಕೋಟಿ ಎನ್ನುವುದು ಹತ್ತು ವರ್ಷದ ಮೊತ್ತ, 7,470 ಕೋಟಿ ಎನ್ನುವುದು ಸೆಪ್ಟೆಂಬರ್ 30ಕ್ಕೆ ಮುಗಿಯುವ ಆ ಹಣಕಾಸು ವರ್ಷದಲ್ಲಿ ಉಳಿದಿದ್ದ ಸುಮಾರು ಆರು ತಿಂಗಳಿನದು. ಆಗ ಎರಡೂ ಪಕ್ಷದವರು ಇವನ್ನು ಅಕ್ಕಪಕ್ಕ ಇಟ್ಟು ತಮಗೆ ಬೇಕಾದ ಹಾಗೆ ಹೋಲಿಸಿದರು. ತೆರಿಗೆ ಕಡಿತದ ಪರ ಇದ್ದವರು ‘ಯುದ್ಧದ ಖರ್ಚು ಸುಮಾರು ಹತ್ತನೇ ಒಂದು ಪಾಲಷ್ಟೇ’ ಎಂದರು. ಎದುರಾಳಿಗಳು ‘ಯುದ್ಧದ ಹತ್ತರಷ್ಟನ್ನು ಶ್ರೀಮಂತರಿಗೆ ಕೊಡುತ್ತಿದ್ದೀರಿ’ ಎಂದರು. ಎರಡೂ ತಪ್ಪು ಹೋಲಿಕೆ.

ಡಿವಿಡೆಂಡ್ ಎಂಬ ಕೀಲಿ

ತೆರಿಗೆ ಕಡ್ಡಾಯವಾಗಿ ಇಳಿಯಬೇಕು ಎಂಬ ವಾದಕ್ಕೆ 2001ರಲ್ಲಿ ಒಂದು ಗಟ್ಟಿ ನೆಲೆ ಇತ್ತು. 2000ನೇ ಹಣಕಾಸು ವರ್ಷದಲ್ಲಿ ಸರ್ಕಾರದ ಕೈಯಲ್ಲಿ 23,600 ಕೋಟಿ ಡಾಲರ್ ಮಿಕ್ಕಿತ್ತು. ಮುಂದಿನ ಹತ್ತು ವರ್ಷಗಳಲ್ಲಿ 5.6 ಲಕ್ಷ ಕೋಟಿ ಡಾಲರ್ ಉಳಿಕೆ ಬರಲಿದೆ ಎಂದು ಕಾಂಗ್ರೆಸ್ ಬಜೆಟ್ ಕಚೇರಿ 2001ರ ಜನವರಿಯಲ್ಲಿ ಅಂದಾಜಿಸಿತ್ತು. ಜನರ ಹಣ ಜನರಿಗೇ ಎಂದು 1.35 ಲಕ್ಷ ಕೋಟಿಯ ಕಡಿತ ಪಾಸಾಯಿತು. 2003ರ ಹೊತ್ತಿಗೆ ಷೇರುಪೇಟೆ ಕುಸಿದು, 2001ರ ಸೆಪ್ಟೆಂಬರ್ 11ರ ದಾಳಿ ನಡೆದು, ಆ ಉಳಿಕೆ ಕಾಗದದ ಮೇಲೂ ಉಳಿದಿರಲಿಲ್ಲ. 2002ರ ಕೊರತೆಯೇ 15,800 ಕೋಟಿ. ಉಳಿಕೆ ಇದ್ದಾಗ ‘ವಾಪಸ್ ಕೊಡಿ’ ಎಂದವರು ಕೊರತೆ ಬಂದಾಗ ‘ಆರ್ಥಿಕತೆಗೆ ಚೇತರಿಕೆ ಬೇಕು, ಅದಕ್ಕೆ ಕೊಡಿ’ ಎಂದರು. ಔಷಧಿ ಅದೇ, ರೋಗದ ಹೆಸರು ಮಾತ್ರ ಬೇರೆ. ನಿರುದ್ಯೋಗ ಜನವರಿಯಲ್ಲಿ ಶೇ 5.8 ಇದ್ದದ್ದು ಜೂನ್‌ಗೆ ಶೇ 6.3ಕ್ಕೆ ಏರಿತ್ತು, ಹಾಗಾಗಿ ರೋಗ ಸುಳ್ಳೇನಲ್ಲ.

ಜನವರಿ 7ರಂದು ಷಿಕಾಗೊದಲ್ಲಿ ಬುಷ್ ಪ್ರಕಟಿಸಿದ 67,400 ಕೋಟಿಯ ಯೋಜನೆಯಲ್ಲಿ (ಕಾಂಗ್ರೆಸ್ಸಿನ ಲೆಕ್ಕಿಗರು ಇದನ್ನೇ 72,600 ಎಂದರು) ಅರ್ಧಕ್ಕಿಂತ ಹೆಚ್ಚು ಪಾಲು ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭಾಂಶ) ಮೇಲಿನ ವೈಯಕ್ತಿಕ ತೆರಿಗೆಯನ್ನು ತೆಗೆದುಹಾಕುವುದಕ್ಕೇ ಮೀಸಲು. ವಾದ ಇದು: ಕಂಪನಿ 100 ಡಾಲರ್ ಲಾಭ ಮಾಡಿದರೆ ಶೇ 35ರಂತೆ 35 ಡಾಲರ್ ಕಟ್ಟುತ್ತದೆ. ಉಳಿದ 65 ಡಾಲರ್ ಷೇರುದಾರರಿಗೆ ಹಂಚಿದರೆ, ಅತಿ ಹೆಚ್ಚಿನ ದರದಲ್ಲಿರುವವರು ಅದರ ಮೇಲೆ ಮತ್ತೆ ಶೇ 38.6 ಕಟ್ಟಬೇಕು, ಅಂದರೆ 25 ಡಾಲರ್ 9 ಸೆಂಟ್. ಕೈಗೆ ಸಿಗುವುದು 40 ಡಾಲರ್‌ಗೂ ಒಂಬತ್ತು ಸೆಂಟ್ ಕಡಿಮೆ. ಒಂದೇ ಲಾಭಕ್ಕೆ ಎರಡು ತೆರಿಗೆ. ಸಾಲದ ಬಡ್ಡಿಯನ್ನಾದರೆ ಖರ್ಚಿಗೆ ಹಾಕಬಹುದು, ಡಿವಿಡೆಂಡನ್ನು ಹಾಕಲಾಗದು. ಹಾಗಾಗಿ ಕಂಪನಿಗಳು ಬಂಡವಾಳಕ್ಕೆ ಬದಲು ಸಾಲ ಮಾಡುತ್ತವೆ ಎಂಬ ಆಕ್ಷೇಪದಲ್ಲೂ ಹುರುಳಿದೆ. ಅದೇ ಫೆಬ್ರುವರಿಯಲ್ಲಿ ಜಸ್ವಂತ್ ಸಿಂಗ್ ಮಂಡಿಸಿದ ನಮ್ಮ ಬಜೆಟ್ಟೂ ಷೇರುದಾರರ ಕೈಗೆ ಬರುವ ಡಿವಿಡೆಂಡಿಗೆ ತೆರಿಗೆ ಬೇಡವೆಂದು, ಬದಲಿಗೆ ಕಂಪನಿಯ ಮೇಲೆ ಶೇ 12.5ರ ವಿತರಣಾ ತೆರಿಗೆ ಹಾಕಿತ್ತು.

ಎದುರು ವಾದ ಎರಡು ಕಡೆಯಿಂದ ಬಂತು. ನಿವೃತ್ತಿ ಉಳಿತಾಯ ಖಾತೆಯಲ್ಲಿ ಷೇರು ಇಟ್ಟುಕೊಂಡ ಮಧ್ಯಮ ವರ್ಗದವರಿಗೆ ಇದರಿಂದ ಬಿಡಿಗಾಸೂ ಸಿಗದು. ಆ ಖಾತೆಯೊಳಗಿನ ಡಿವಿಡೆಂಡಿಗೆ ಆಗ ತೆರಿಗೆ ಇಲ್ಲ, ನಿವೃತ್ತಿಯ ಮೇಲೆ ಹಣ ತೆಗೆಯುವಾಗ ಮಾಮೂಲಿ ದರದ ತೆರಿಗೆ ಬೀಳುತ್ತದೆ. ಲಾಭ ಏನಿದ್ದರೂ ಖಾತೆಯ ಹೊರಗೆ ದೊಡ್ಡ ಪ್ರಮಾಣದಲ್ಲಿ ಷೇರು ಹೊಂದಿದವರಿಗೆ. ಹೂಡಿಕೆದಾರ ವಾರನ್ ಬಫೆಟ್ ಮೇ ತಿಂಗಳಲ್ಲಿ ತಮ್ಮದೇ ಉದಾಹರಣೆ ಕೊಟ್ಟರು: ನನ್ನ ಕಂಪನಿ ಬರ್ಕ್‌ಷೈರ್ 100 ಕೋಟಿ ಡಾಲರ್ ಡಿವಿಡೆಂಡ್ ಹಂಚಿದರೆ ನನ್ನ ಪಾಲಿಗೆ 31 ಕೋಟಿ ಬರುತ್ತದೆ, ನನ್ನ ತೆರಿಗೆ ದರ ಶೇ 3ಕ್ಕೆ ಇಳಿಯುತ್ತದೆ, ನನ್ನ ಕಚೇರಿಯ ಸ್ವಾಗತಕಾರಿಣಿ ಮಾತ್ರ ಶೇ 30 ಕಟ್ಟುತ್ತಾ ಇರುತ್ತಾರೆ. ಎರಡನೆಯದು, ಇದು ಚೇತರಿಕೆಯ ಕ್ರಮವೇ ಅಲ್ಲ ಎಂಬುದು. ಈ ವರ್ಷ ಖರ್ಚು ಹೆಚ್ಚಬೇಕೆಂದರೆ ಈ ವರ್ಷ ಖರ್ಚು ಮಾಡುವವರ ಕೈಗೆ ಹಣ ಕೊಡಬೇಕು. ಹತ್ತು ನೊಬೆಲ್ ಪುರಸ್ಕೃತರೂ ಸೇರಿ 450ಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಫೆಬ್ರುವರಿಯಲ್ಲಿ ಪತ್ರಿಕಾ ಜಾಹೀರಾತಿನ ಮೂಲಕ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಅದೇ ದಿನಗಳಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಆಲನ್ ಗ್ರೀನ್‌ಸ್ಪಾನ್ ಕೂಡ, ಇರಾಕಿನ ಅನಿಶ್ಚಿತತೆ ಕಳೆಯುವ ಮೊದಲು ಚೇತರಿಕೆ ಕ್ರಮ ಅವಸರದ್ದು, ಕಡಿತ ಮಾಡುವುದಾದರೆ ಅದಕ್ಕೆ ಸರಿಯಾಗಿ ಖರ್ಚೂ ಇಳಿಯಲಿ ಎಂದರು.

ಐವತ್ತೊಂದು ಮತಗಳ ಯಂತ್ರ

ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಯನ್ನು ಅಲ್ಪಸಂಖ್ಯಾತ ಪಕ್ಷ ಚರ್ಚೆ ಮುಗಿಸಲು ಬಿಡದೆ ತಡೆಯಬಹುದು. ಆ ತಡೆ ಮುರಿಯಲು 60 ಮತ ಬೇಕು. ರಿಪಬ್ಲಿಕನ್ನರ ಬಳಿ ಇದ್ದದ್ದು 51. ಅವರಿಗೆ ದಾರಿ ತೋರಿಸಿದ್ದು ರಿಕನ್ಸಿಲಿಯೇಶನ್ ಎಂಬ ವಿಶೇಷ ವಿಧಾನ. ಇದಕ್ಕೆ ಮೆಟ್ಟಿಲು ಎರಡು. ಮೊದಲು ಎರಡೂ ಸದನಗಳು ಬಜೆಟ್ ನಿರ್ಣಯವನ್ನು ಪಾಸು ಮಾಡಿ, ಇಂತಿಷ್ಟು ಮೊತ್ತದ ತೆರಿಗೆ ಮಸೂದೆ ತರಬಹುದು ಎಂದು ಸಮಿತಿಗಳಿಗೆ ಅಪ್ಪಣೆ ಕೊಡಬೇಕು. ಆಮೇಲೆ ಆ ಮೊತ್ತದೊಳಗಿನ ಮಸೂದೆಗೆ ಸೆನೆಟ್‌ನಲ್ಲಿ 20 ಗಂಟೆ ಚರ್ಚೆ, ಸರಳ ಬಹುಮತ, ತಡೆ ಇಲ್ಲ. ಮುಖ್ಯ ಷರತ್ತು, ಸೆನೆಟರ್ ರಾಬರ್ಟ್ ಬರ್ಡ್ ಹೆಸರಿನ ನಿಯಮ: ಬಜೆಟ್ ಅವಧಿ ದಾಟಿದ ಮೇಲೂ ಕೊರತೆ ಹೆಚ್ಚಿಸುವ ಯಾವುದನ್ನೂ ಹಾಕುವಂತಿಲ್ಲ. 2001ರ ಕಡಿತ 2010ರ ಡಿಸೆಂಬರ್ 31ಕ್ಕೆ ತಾನಾಗಿ ಸಾಯುವಂತೆ ಬರೆದದ್ದು ಇದಕ್ಕೇ. 2010ರಲ್ಲಿ ತೀರಿಕೊಂಡವರ ಆಸ್ತಿಗೆ ತೆರಿಗೆಯೇ ಇಲ್ಲ, ಮರುದಿನ ಹೊಸ ವರ್ಷಕ್ಕೆ ತೀರಿಕೊಂಡರೆ ಹಳೆಯ ದರ ಎಂಬ ವಿಚಿತ್ರ ಏರ್ಪಾಡು ಕಾನೂನಿಗೆ ಸೇರಿದ್ದು ಹೀಗೆ.

ಹಾಗಾಗಿ ನಿಜವಾದ ಕಾದಾಟ ತೆರಿಗೆ ಮಸೂದೆಯ ಮೇಲಲ್ಲ, ಅದಕ್ಕೂ ಮೊದಲಿನ ಬಜೆಟ್ ನಿರ್ಣಯದ ಆ ಒಂದು ಮೊತ್ತದ ಮೇಲೆ. ಯುದ್ಧದ ಹಣ ಬರುವುದು ಬೇರೆಯೇ ಬಾಗಿಲಿಂದ: ತುರ್ತು ಪೂರಕ ಬೇಡಿಕೆ. ತುರ್ತು ಎಂದು ಮುದ್ರೆ ಬಿದ್ದ ಖರ್ಚಿಗೆ ಇನ್ನೊಂದು ಕಡೆಯಿಂದ ಹಣ ಹೊಂದಿಸಿ ತೋರಿಸುವ ಜವಾಬ್ದಾರಿ ಇಲ್ಲ. ಹೊಸ ಕಡಿತಕ್ಕೆ ಬದಲಿ ಆದಾಯ ತೋರಿಸಲೇಬೇಕೆಂಬ 1990ರ ಕಾನೂನೂ 2002ರ ಸೆಪ್ಟೆಂಬರ್‌ಗೆ ಮುಗಿದುಹೋಗಿತ್ತು. ಎರಡು ಬಾಗಿಲು, ಎರಡಕ್ಕೂ ಕಾವಲುಗಾರರಿಲ್ಲ.

ಇವೆರಡನ್ನೂ ಒಂದೇ ಸಾಲಿಗೆ ತರಲು ಸೆನೆಟ್‌ನಲ್ಲಿ ನಡೆದ ಪ್ರಯತ್ನಗಳಲ್ಲಿ ಮೊದಲು ಗೆದ್ದದ್ದು ವಿಸ್ಕಾನ್ಸಿನ್‌ನ ಡೆಮಾಕ್ರಾಟ್ ರಸ್ ಫೈನ್‌ಗೋಲ್ಡ್ ಅವರದು. ಕಡಿತದ ಮೊತ್ತದಲ್ಲಿ 10,000 ಕೋಟಿಯನ್ನು ಯುದ್ಧಕ್ಕೆ ಎತ್ತಿಡಿ ಎಂಬ ಅವರ ತಿದ್ದುಪಡಿ ಮಾರ್ಚ್ 21ರಂದು 52–47ರಿಂದ ಪಾಸಾಯಿತು. ಕಡಿತವನ್ನೇ ಅರ್ಧಕ್ಕೂ ಕೆಳಗೆ, 35,000 ಕೋಟಿಗೆ ಇಳಿಸಬೇಕೆಂಬ ಲೂಸಿಯಾನದ ಜಾನ್ ಬ್ರೋ ಅವರ ಪ್ರಸ್ತಾಪ ಆ ವಾರವೇ ಬಿದ್ದುಹೋಗಿತ್ತು. ಯುದ್ಧದ 7,470 ಕೋಟಿಯ ಬೇಡಿಕೆ ಹೊರಬಿದ್ದ ಮಾರ್ಚ್ 25ರಂದು ಅದೇ ಮೊತ್ತ 51–48ರಿಂದ ಗೆದ್ದಿತು. ಬೆಲೆಯನ್ನು ತಡವಾಗಿ ಹೇಳಿದ್ದು ಶ್ವೇತಭವನಕ್ಕೆ ಪ್ರತಿನಿಧಿ ಸಭೆಯಲ್ಲಿ ಉಪಕಾರ ಮಾಡಿತ್ತು. ಸೆನೆಟ್‌ನಲ್ಲಿ ಮಾತ್ರ ಅಂತಿಮ ಮತದಾನಕ್ಕೆ ಮುಂಚೆಯೇ ಹೇಳಿದಂತಾಯಿತು.

ಯುದ್ಧದ ಪರ ಇದ್ದವರೆಲ್ಲ ಕಡಿತದ ಪರ, ವಿರೋಧಿಗಳೆಲ್ಲ ಎರಡಕ್ಕೂ ವಿರೋಧ ಎಂಬುದು ಸರಳೀಕರಣ. 2002ರ ಅಕ್ಟೋಬರ್‌ನಲ್ಲಿ ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯಕ್ಕೆ ಸೆನೆಟ್‌ನಲ್ಲಿ 77 ಮತ ಬಿದ್ದಿತ್ತು. ತೆರಿಗೆಗೆ ಅದರ ಹತ್ತಿರವೂ ಸಿಗಲಿಲ್ಲ. ಯುದ್ಧದ ಕಟ್ಟಾ ಬೆಂಬಲಿಗ ಜಾನ್ ಮೆಕೇನ್ 2001, 2003 ಎರಡೂ ಕಡಿತಗಳಿಗೆ ಬೇಡ ಎಂದರು. ರೋಡ್ ಐಲೆಂಡ್‌ನ ಲಿಂಕನ್ ಚೇಫಿ, ರಿಪಬ್ಲಿಕನ್ ಆಗಿಯೂ ಯುದ್ಧ, ಕಡಿತ ಎರಡಕ್ಕೂ ವಿರೋಧ. ಟೆಕ್ಸಸ್‌ನ ರಾನ್ ಪಾಲ್ ಯುದ್ಧ ಬೇಡ, ಕಡಿತ ಬೇಕು ಎಂದವರು. ರಿಪಬ್ಲಿಕನ್ ನಾಯಕ ಟಾಮ್ ಡಿಲೇ ಅವರಿಗಂತೂ ಯಾವ ಗೊಂದಲವೂ ಇರಲಿಲ್ಲ: ಯುದ್ಧದ ಎದುರು ನಿಂತಾಗ ತೆರಿಗೆ ಇಳಿಸುವುದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ ಎಂದರು.

ಒಡಕು ಕಂಡದ್ದೇ ತಡ, ಯುದ್ಧದ ಭಾಷೆ ತೆರಿಗೆಗೆ ಇಳಿಯಿತು. 35,000 ಕೋಟಿಗಿಂತ ಮೇಲೆ ಹೋಗಲು ಒಪ್ಪದ ಮೇನ್ ರಾಜ್ಯದ ಒಲಿಂಪಿಯಾ ಸ್ನೋ, ಒಹಾಯೊದ ಜಾರ್ಜ್ ವೊಯ್ನೊವಿಚ್ ಇಬ್ಬರ ವಿರುದ್ಧ ‘ಕ್ಲಬ್ ಫಾರ್ ಗ್ರೋತ್’ ಎಂಬ ತೆರಿಗೆ ವಿರೋಧಿ ಗುಂಪು ಅವರ ಊರುಗಳಲ್ಲೇ ಟಿವಿ ಜಾಹೀರಾತು ಹಾಕಿತು. ಅವರ ಚಿತ್ರದ ಜೊತೆ ಫ್ರಾನ್ಸ್ ಧ್ವಜ. ಇರಾಕ್ ವಿಷಯದಲ್ಲಿ ಅಡ್ಡಗಾಲು ಹಾಕಿದ ಫ್ರಾನ್ಸಿನಂತೆಯೇ ಇವರೂ ಹೆಸರಿಗಷ್ಟೇ ನಮ್ಮವರು ಎಂಬ ಅರ್ಥ. ಏಪ್ರಿಲ್ 24ರಂದು ಬುಷ್ ಖುದ್ದಾಗಿ ಒಹಾಯೊದ ಕ್ಯಾಂಟನ್‌ಗೆ ಹೋಗಿ, ಚೋಟುದ್ದದ ಕಡಿತ ಯಾಕೆ ಕೇಳುತ್ತೀರಿ ಎಂದು ಹೆಸರೆತ್ತದೆ ಚುಚ್ಚಿದರು. ಇಬ್ಬರೂ ಬಗ್ಗಲಿಲ್ಲ.

ಮೊತ್ತ ಬಗ್ಗದಿದ್ದರೆ ಒಳಗಿನ ತಾರೀಖುಗಳನ್ನು ಬಗ್ಗಿಸಬಹುದಲ್ಲ. ಮೇ ತಿಂಗಳ ಕಾನೂನಿನಲ್ಲಿ ಆದದ್ದು ಅದೇ. ಮಗುವೊಂದಕ್ಕೆ 1,000 ಡಾಲರ್ ರಿಯಾಯಿತಿ ಬರೀ 2003, 2004ಕ್ಕೆ. ಯಂತ್ರೋಪಕರಣ ಕೊಂಡ ವರ್ಷವೇ ಅರ್ಧ ಸವಕಳಿ ತೋರಿಸುವ ಸೌಲಭ್ಯ 2004ರ ಕೊನೆವರೆಗೆ. ಡಿವಿಡೆಂಡ್ ಮತ್ತು ಬಂಡವಾಳ ಲಾಭಕ್ಕೆ ಗರಿಷ್ಠ ಶೇ 15, ಅದೂ 2008ರವರೆಗೆ ಮಾತ್ರ. (ಮೇಲಿನ 100 ಡಾಲರ್ ಲೆಕ್ಕದಲ್ಲಿ ಈಗ ಕೈಗೆ ಬರುವುದು 55 ಡಾಲರ್ 25 ಸೆಂಟ್.) ಇವೆಲ್ಲ ಮುಂದುವರಿಯುತ್ತವೆ ಎಂದು ಹಾಕುವವರಿಗೂ ಹಾಕಿಸಿಕೊಳ್ಳುವವರಿಗೂ ಗೊತ್ತಿತ್ತು, ಮುಂದುವರಿಸಿದರೆ ಮೊತ್ತ 35,000 ಕೋಟಿಯ ಎರಡು ಪಟ್ಟನ್ನೂ ದಾಟುತ್ತಿತ್ತು. ಮೇ 23ರಂದು ಸೆನೆಟ್‌ನಲ್ಲಿ 50–50 ಸಮವಾಗಿ, ಉಪಾಧ್ಯಕ್ಷ ಡಿಕ್ ಚೇನಿ ಅವರ ಮತದಿಂದ ಮಸೂದೆ ಗೆದ್ದಿತು. ಅದೇ ದಿನ ಸೆನೆಟ್ ಸರ್ಕಾರದ ಸಾಲದ ಮಿತಿಯನ್ನು 98,400 ಕೋಟಿ ಡಾಲರ್ ಏರಿಸಲು ಒಪ್ಪಿತು. ಸಾಲದ ಕಾಗದಕ್ಕೆ ಬುಷ್ ಸಹಿ ಹಾಕಿದ್ದು 27ಕ್ಕೆ, ತೆರಿಗೆ ಕಡಿತಕ್ಕೆ 28ಕ್ಕೆ. ತಿಂಗಳುಗಟ್ಟಲೆ ಬೇರೆಬೇರೆಯಾಗಿ ನಡೆದ ಎರಡು ಲೆಕ್ಕಗಳು ಭೇಟಿಯಾದದ್ದು ಅಲ್ಲಿ.

ಹಿಂದೆ ಯುದ್ಧ ಬಂದಾಗ

ಅಮೆರಿಕದಲ್ಲಿ ಮೊದಲ ಆದಾಯ ತೆರಿಗೆ ಹುಟ್ಟಿದ್ದೇ ಅಂತರ್ಯುದ್ಧದ ಖರ್ಚಿಗೆ, 1861ರಲ್ಲಿ. ಮೊದಲ ಮಹಾಯುದ್ಧದಲ್ಲಿ ಗರಿಷ್ಠ ದರ ಶೇ 77ಕ್ಕೆ, ಎರಡನೆಯದರಲ್ಲಿ ಶೇ 94ಕ್ಕೆ ಏರಿತು. ಸಂಬಳದಲ್ಲೇ ತೆರಿಗೆ ಹಿಡಿಯುವ ಪದ್ಧತಿ ಬಂದದ್ದು 1943ರಲ್ಲಿ. ಕೊರಿಯಾ ಯುದ್ಧಕ್ಕೆ ಟ್ರೂಮನ್ ತೆರಿಗೆ ಏರಿಸಿದರು. ವಿಯೆಟ್ನಾಂ ವಿಷಯದಲ್ಲಿ ಲಿಂಡನ್ ಜಾನ್ಸನ್ ತಡಮಾಡಿ, ಹಣದುಬ್ಬರ ಏರಿದ ಮೇಲೆ 1968ರಲ್ಲಿ ಶೇ 10ರ ಸರ್‌ಚಾರ್ಜ್ ಹಾಕಿದರು. 1991ರ ಕೊಲ್ಲಿ ಯುದ್ಧದ ಸುಮಾರು 6,100 ಕೋಟಿ ಡಾಲರ್ ಖರ್ಚಿನಲ್ಲಿ ಬಹುಪಾಲನ್ನು ಸೌದಿ, ಕುವೈತ್, ಜಪಾನ್, ಜರ್ಮನಿ ಮುಂತಾದವು ತುಂಬಿಕೊಟ್ಟವು. 2003ರಲ್ಲಿ ಆ ಮಿತ್ರರ ಹಣವೂ ಇಲ್ಲ, ತೆರಿಗೆ ಏರಿಕೆಯೂ ಇಲ್ಲ. ದೊಡ್ಡ ಯುದ್ಧಕ್ಕೆ ಇಳಿಯುತ್ತಲೇ ತೆರಿಗೆ ಇಳಿಸಿದ್ದು ಆ ದೇಶದ ಚರಿತ್ರೆಯಲ್ಲಿ ಹೊಸತು.

ಬಿಲ್ಲು ಬೇಗನೆ ಬಂತು. ಸೆಪ್ಟೆಂಬರ್ 7ರಂದು ಬುಷ್ ಇನ್ನೂ 8,700 ಕೋಟಿ ಕೇಳಿದರು. ಅತಿ ಶ್ರೀಮಂತರ ಕಡಿತದಿಂದಲೇ ಅದನ್ನು ತುಂಬಿಸಿ ಎಂದು ಡೆಮಾಕ್ರಾಟ್ ಸೆನೆಟರ್‌ಗಳಾದ ಜೋ ಬೈಡನ್, ಜಾನ್ ಕೆರಿ ತಂದ ತಿದ್ದುಪಡಿ ಅಕ್ಟೋಬರ್ 2ರಂದು 57–42ರಲ್ಲಿ ಸೋತಿತು. ಆಮೇಲೆ ಸಾಲದ ಹಣದ ಮೂಲ ಮಸೂದೆಗೆ ಕೆರಿ ವಿರುದ್ಧ ಮತ ಹಾಕಿದರು. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ವಿರೋಧಾಭಾಸವಿಲ್ಲ: ಹಣ ಹೊಂದಿಸಿದರೆ ಹೌದು, ಇಲ್ಲದಿದ್ದರೆ ಇಲ್ಲ. ಆದರೆ ಅಧ್ಯಕ್ಷ ಚುನಾವಣೆಯಲ್ಲಿ ಬುಷ್ ಎದುರಾಳಿಯಾಗಿದ್ದ ಅವರು ಮುಂದಿನ ಮಾರ್ಚ್‌ನಲ್ಲಿ ವೆಸ್ಟ್ ವರ್ಜೀನಿಯಾದ ಸಭೆಯೊಂದರಲ್ಲಿ ಅದನ್ನು ‘ಆ 87 ಬಿಲಿಯನ್‌ಗೆ ವಿರುದ್ಧ ಹಾಕುವ ಮೊದಲು ಪರವಾಗಿ ಹಾಕಿದ್ದೆ’ ಎಂದು ವಿವರಿಸಲು ಹೋಗಿ, ಬುಷ್ ಪ್ರಚಾರಕ್ಕೆ ರೆಡಿಮೇಡ್ ಜಾಹೀರಾತು ಕೊಟ್ಟರು. ಯುದ್ಧಕ್ಕೂ ತೆರಿಗೆಗೂ ಗಂಟು ಹಾಕುವವರಿಗೆ ಇರುವ ತೊಡಕು ಇದೇ. ‘ಸೈನಿಕರಿಗೆ ಹಣ ಕೊಡಿ’ ಎನ್ನಲು ಮೂರು ಪದ ಸಾಕು. ‘ಹಣ ಎಲ್ಲಿಂದ ತರುತ್ತೀರಿ ಹೇಳಿ, ಆಮೇಲೆ ಕೊಡುತ್ತೇನೆ’ ಎಂದವನ ಮಾತಿನ ಮೊದಲರ್ಧ ಯಾರಿಗೂ ಕೇಳಿಸುವುದಿಲ್ಲ.

2004ರ ಕೊರತೆ 41,300 ಕೋಟಿ. ಆಮೇಲೆ ಆರ್ಥಿಕತೆ ಚೇತರಿಸಿ 2007ರವರೆಗೆ ಕೊರತೆ ಇಳಿದದ್ದೂ ನಿಜ, ಕಡಿತದ ಪರ ಇರುವವರು ಇಂದಿಗೂ ತೋರಿಸುವುದು ಆ ವರ್ಷಗಳನ್ನೇ. ಆದರೆ ‘ಯುದ್ಧದಿಂದಲೇ ಕೊರತೆ’ ಎನ್ನುವುದು ಆ ಕಾಲದ ಲೆಕ್ಕಕ್ಕೆ ಒಗ್ಗದು. ರಾಷ್ಟ್ರೀಯ ಉತ್ಪನ್ನದಲ್ಲಿ ಸರ್ಕಾರದ ಆದಾಯದ ಪಾಲು 2000ದಲ್ಲಿ ಸುಮಾರು ಶೇ 20 ಇದ್ದದ್ದು 2004ಕ್ಕೆ ಸುಮಾರು ಶೇ 16ಕ್ಕೆ ಬಿದ್ದಿತ್ತು. ಅಂದಿನ ಕೊರತೆಯ ದೊಡ್ಡ ಪಾಲು ಅಲ್ಲಿದೆ. ಯುದ್ಧ ಎದ್ದು ಕಾಣುವುದು ವರ್ಷಗಳನ್ನು ಕೂಡಿದಾಗ. ಕಾಂಗ್ರೆಸ್ಸಿನ ಸಂಶೋಧನಾ ವಿಭಾಗ 2014ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಇರಾಕಿಗೆ ಕಾಂಗ್ರೆಸ್ ಒದಗಿಸಿದ ಹಣ ಸುಮಾರು 81,500 ಕೋಟಿ ಡಾಲರ್. ಕೆಲಸ ಕಳೆದುಕೊಂಡ ಲಿಂಡ್ಸಿ ಹೇಳಿದ್ದ ಗರಿಷ್ಠದ ನಾಲ್ಕು ಪಟ್ಟು, ಡೇನಿಯಲ್ಸ್ ಹೇಳಿದ್ದರ ಹದಿಮೂರು ಪಟ್ಟಿಗೂ ಹೆಚ್ಚು.

2025ರಲ್ಲಿ ಮತ್ತೆ

ಅದೇ ಯಂತ್ರ ಕಳೆದ ಬಾರಿ ಪೂರ್ಣ ವೇಗದಲ್ಲಿ ಓಡಿದ್ದು ಡೊನಾಲ್ಡ್ ಟ್ರಂಪ್ ಅವರ ತೆರಿಗೆ ಮಸೂದೆಗೆ. 2025ರ ಜೂನ್ 22ರಂದು ಅಮೆರಿಕ ಇರಾನಿನ ಫೋರ್ದೋ, ನತಾಂಜ್, ಇಸ್ಫಹಾನ್ ಪರಮಾಣು ನೆಲೆಗಳ ಮೇಲೆ ಬಾಂಬ್ ಹಾಕಿತು. ಕಾಂಗ್ರೆಸ್ ಅನುಮತಿ ಇಲ್ಲದೆ ಮುಂದುವರಿಯಬಾರದು ಎಂಬ ಡೆಮಾಕ್ರಾಟ್ ಸೆನೆಟರ್ ಟಿಮ್ ಕೇನ್ ಅವರ ನಿರ್ಣಯ 27ರಂದು ಸೆನೆಟ್‌ನಲ್ಲಿ 47–53ರಿಂದ ಬಿತ್ತು. ಮರುದಿನವೇ ಸೆನೆಟ್ ತೆರಿಗೆ ಮಸೂದೆಯನ್ನು ಕೈಗೆತ್ತಿಕೊಂಡಿತು. ಜುಲೈ 1ರಂದು ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮತದಿಂದ 51–50.

ಲೆಕ್ಕದ ಚಮತ್ಕಾರ ಮಾತ್ರ ಈ ಬಾರಿ ತಿರುವುಮುರುವು. 2003ರಲ್ಲಿ ಕಡಿತ ಚಿಕ್ಕದಾಗಿ ಕಾಣಲೆಂದು ಅದು ಬೇಗ ಮುಗಿಯುತ್ತದೆ ಎಂದು ಬರೆದರು. 2025ರ ಕೊನೆಗೆ ಮುಗಿಯಬೇಕಿದ್ದ 2017ರ ಕಡಿತಗಳನ್ನು ಕಾಯಂ ಮಾಡುವಾಗ, ಅವು ಹೇಗೂ ಮುಂದುವರಿಯುತ್ತಲೇ ಇದ್ದವು ಎಂದು ಭಾವಿಸಿ ಸೆನೆಟ್ ಅದರ ವೆಚ್ಚವನ್ನು ಸೊನ್ನೆ ಎಂದು ಹಿಡಿಯಿತು. ಕಾಂಗ್ರೆಸ್ ಬಜೆಟ್ ಕಚೇರಿಯ ಎಂದಿನ ಲೆಕ್ಕದಲ್ಲಿ ಇಡೀ ಕಾನೂನಿನಿಂದ ಹತ್ತು ವರ್ಷಗಳಲ್ಲಿ ಹೆಚ್ಚುವ ಕೊರತೆ 3.4 ಲಕ್ಷ ಕೋಟಿ ಡಾಲರ್.

ಇನ್ನೊಂದು ವ್ಯತ್ಯಾಸ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. 2003ರಲ್ಲಿ ಸೇನೆಯ ಹಣ ಬೇರೆ ಬಾಗಿಲಿಂದ ಬರಬೇಕಿತ್ತು, ಹಾಗಾಗಿ ಫೈನ್‌ಗೋಲ್ಡ್, ಬೈಡನ್ ಅಂಥವರಿಗೆ ಎರಡನ್ನೂ ತಳಕು ಹಾಕಲು ಒಂದು ಮತದಾನವಾದರೂ ಸಿಕ್ಕಿತು. 2025ರ ಕಾನೂನಿನಲ್ಲಿ ರಕ್ಷಣೆಗೆಂದು ಸುಮಾರು 15,000 ಕೋಟಿ ಡಾಲರನ್ನು ತೆರಿಗೆ ಕಡಿತದ ಜೊತೆಗೇ, ಅದೇ ಸರಳ ಬಹುಮತದ ಮಸೂದೆಯೊಳಗೆ ಸೇರಿಸಿದ್ದರು. ಆ ರಕ್ಷಣಾ ಹಣಕ್ಕೆ ಈಗ ಅರವತ್ತು ಮತಗಳೂ ಬೇಕಾಗಲಿಲ್ಲ, ವಿರೋಧ ಪಕ್ಷದ ಜೊತೆ ಕೂತು ಮಾತಾಡುವ ಅಗತ್ಯವೂ ಬೀಳಲಿಲ್ಲ.